ಗೆರೆಯ ಮೇಲೆ ಕೂತ ಮಸಿ

ಫೆಬ್ರವರಿ 3

ಅಕ್ಕ,

ಕಾಗದ ಮನೆ ವಿಳಾಸಕ್ಕೆ ಬಂದದ್ದು ನೋಡಿಯೇ ನಿನ್ನ ಹುಬ್ಬು ಮೇಲೇರಿರುತ್ತೆ. ಏರಲಿ. ಫೋನ್ ಮಾಡೋಣ ಅಂದ್ರೆ ಇಂಜಿನ್ ಪಕ್ಕ ನಿಂತು ನಿಂತು ನಿನ್ನ ಕಿವಿ ಅರ್ಧ ಹೋಗಿದೆ, ನಾನು ಕಿರುಚಿದ್ದು ನಿನಗೆ ಮುಟ್ಟೋ ಮೊದಲು ಇಲ್ಲಿ ಇಡೀ ಮಹಡಿಗೆ ಮುಟ್ಟುತ್ತೆ. ಆಫೀಸಿನ ಮೇಲ್‌ನಲ್ಲಿ ಬರೆದರೆ ಕನ್ನಡಕದವರು ಓದ್ತಾರೆ. ಅದೇ, ನಮ್ಮಿಬ್ಬರ ವಿಭಾಗಕ್ಕೂ ಮೇಲಿರೋ ಸಾಹೇಬರು. ಮಾತಾಡುವಾಗ ಕನ್ನಡಕ ತೆಗೆದು ಒರೆಸ್ತಾನೇ ಇರ್ತಾರೆ, ಒರೆಸೋದು ನಿಂತರೆ ಯಾರಿಗೋ ಗ್ರಹಚಾರ ಅಂತ ಅರ್ಥ.

ನಾವು ಅಕ್ಕ-ತಂಗಿ ಅಂತ ಅವರಿಗೆ ಗೊತ್ತಿಲ್ಲ. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಒಂದೇ ಇಂಜಿನ್ ಮೇಲೆ ಹತ್ತಿರದ ಸಂಬಂಧಿಕರು ಕೆಲಸ ಮಾಡಬಾರದು ಅನ್ನೋ ನಿಯಮ ಕಂಪನಿಯಲ್ಲಿದೆ ಅಂತ ತಿಳಿಯೋ ಹೊತ್ತಿಗೆ ಕೆಲಸ ಅರ್ಧ ಆಗಿತ್ತು. ಹಾಗಾಗಿ ಆಫೀಸಿನ ಕಾಗದದಲ್ಲಿ ನೀನು ನನಗೆ ‘ಮಾನ್ಯರೇ’, ನಾನು ನಿನಗೆ ‘ಮಾನ್ಯರೇ’. ಚಿಕ್ಕಂದಿನಲ್ಲಿ ನನ್ನ ತಲೆಗೆ ಹೇನಿನ ಹಣಿಗೆ ಹಾಕಿದವಳಿಗೆ ಹಾಗೆ ಬರೆಯುವಾಗ ಪ್ರತಿ ಸಲ ನಗು ಬರುತ್ತೆ.

ಈಗ ನಗುವಿನ ಮಾತಲ್ಲ. ಹೊಸ ಬಸ್ಸಿನ ಡೀಸೆಲ್ ಇಂಜಿನ್ನಿಗೆ ನಾನು ಇಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕ್ತೀನಿ: ಡೀಸೆಲ್ ಸಿಲಿಂಡರಿನೊಳಗೆ ಹೇಗೆ ಉರಿಯುತ್ತೆ, ಹೊಗೆಯಲ್ಲಿ ಎಷ್ಟು ಮಸಿ ಹೊರಗೆ ಬರುತ್ತೆ. ನೀನು ಅಲ್ಲಿ ಟೆಸ್ಟ್ ಸೆಲ್ಲಿನಲ್ಲಿ ಅದೇ ಇಂಜಿನ್ ಓಡಿಸಿ ಮಸಿ ಅಳೀತೀಯ. ಗ್ರಾಫಿನ ಮೇಲೆ ನನ್ನದು ಗೆರೆ, ನಿನ್ನದು ಚುಕ್ಕಿ. ಈ ಸಲದ ಚುಕ್ಕಿಗಳು ಬಂದಿವೆ. ಎಲ್ಲವೂ ಗೆರೆಯ ಮೇಲೇ ಕೂತಿವೆ, ಮಣೆ ಹಾಕಿ ಕೂರಿಸಿದ ಹಾಗೆ. ಇಲ್ಲಿ ಎಲ್ಲರೂ ಖುಷಿಯಾದರು. ನನಗೆ ಊಟ ಸೇರಲಿಲ್ಲ.

ಮಸಿ ಅಷ್ಟು ಹೇಳಿದ ಮಾತು ಕೇಳೋ ಪದಾರ್ಥ ಅಲ್ಲ ಅಕ್ಕ. ಉರಿಯೊಳಗೆ ಗಾಳಿ ಸಾಲದ ಕಡೆ ರಾಶಿ ರಾಶಿ ಹುಟ್ಟುತ್ತೆ, ಗಾಳಿ ಸಿಕ್ಕ ಕೂಡಲೇ ಅಲ್ಲೇ ಸುಟ್ಟುಹೋಗುತ್ತೆ. ಹುಟ್ಟಿದ್ದರಲ್ಲಿ ಸುಟ್ಟದ್ದು ಕಳೆದು ಉಳಿಯೋ ಚಿಟಿಕೆಯಷ್ಟೇ ಹೊರಗೆ ಬರೋದು. ಎರಡು ದೊಡ್ಡ ಅಂಕಿಗಳಲ್ಲಿ ಯಾವುದೇ ಒಂದು ಕೂದಲೆಳೆ ತಪ್ಪಿದರೂ ಚಿಟಿಕೆ ಬೊಗಸೆಯಾಗುತ್ತೆ. ಅಂಥದ್ದರಲ್ಲಿ ನನ್ನ ಲೆಕ್ಕ ಅಲ್ಲೊಂದು ಇಲ್ಲೊಂದು ಕಡೆ ತಪ್ಪಲೇಬೇಕಿತ್ತು. ಎಲ್ಲೂ ತಪ್ಪಿಲ್ಲ ಅನ್ನೋದೇ ನನ್ನನ್ನ ಕೊರೀತಿದೆ.

ಯಾರೋ ನಿನ್ನ ಅಳತೆಗಳನ್ನ ದಾರಿಯಲ್ಲಿ ತಿದ್ದುತ್ತಿದ್ದಾರೆ ಅಂತ ನನ್ನ ಅನುಮಾನ. ಯಾರು ಅಂತ ಬಾಯಿ ಬಿಟ್ಟು ಹೇಳಲ್ಲ, ಕನ್ನಡಕ ಹಾಕ್ಕೋತಾರೆ ಅಂತ ಮಾತ್ರ ಹೇಳ್ತೀನಿ. ಮೇ ತಿಂಗಳಲ್ಲಿ ಇಂಜಿನ್ನಿಗೆ ಅಂತಿಮ ಒಪ್ಪಿಗೆ. ಮಸಿಯ ಅಂಕಿಗಳ ಕೆಳಗೆ ಸಹಿ ನಿನ್ನದು. ನಾಳೆ ಬಸ್ಸುಗಳು ಕರ್ರಗೆ ಹೊಗೆ ಉಗುಳಿದರೆ ಹಿಡಿಯೋದು ಸಹಿ ಹಾಕಿದವಳನ್ನ.

ನೀನು ಕಳಿಸಿದ್ದೂ ನನಗೆ ಬಂದದ್ದೂ ಒಂದೇನಾ ನೋಡಿ ತಿಳಿಸು. ಹಾಗೇ, ಬೇಸರ ಮಾಡ್ಕೊಳ್ಳದೆ, ನೀನು ಹೇಗೆ ಅಳೀತೀಯ ಅಂತಾನೂ ಬರಿ. ಅಮ್ಮನಿಗೆ ಹೇಳಬೇಡ.

ನಿನ್ನ
ಚಿಕ್ಕವಳು

*

ಫೆಬ್ರವರಿ 12

ಸಂಶಯ ಪಿಶಾಚಿಗೆ,

ಅಮ್ಮನಿಗೆ ಹೇಳಬೇಡ ಅಂತ ಬರೆದಿದ್ದೀಯ. ಕಾಗದ ಇಸ್ಕೊಂಡವಳೇ ಅಮ್ಮ, ಒಡೆದವಳೂ ಅಮ್ಮ. ಪುಣ್ಯಕ್ಕೆ ಅವಳ ಕಣ್ಣು ಮಂಜು, ಓದಿ ಹೇಳು ಅಂತ ನನ್ನ ಕೈಗೆ ಕೊಟ್ಟಳು. ಅರ್ಧ ಓದಿದೆ, ಅರ್ಧ ನುಂಗಿದೆ. ಆದರೂ ವಾಸನೆ ಹತ್ತಿಬಿಟ್ಟಿದೆ. ‘ಇಬ್ಬರೂ ಏನೋ ಮುಚ್ಚಿಡ್ತಿದ್ದೀರಿ. ಚಿಕ್ಕವರಿದ್ದಾಗಲೂ ಹಿಂಗೇ. ಏನಾದ್ರೂ ಒಡೆದು ಹಾಕಿದಾಗ ಒಬ್ಬೊಬ್ಬಳನ್ನೇ ಕರೆದು ಕೇಳ್ತಿದ್ದೆ. ಇಬ್ಬರೂ ಒಂದೇ ಮಾತು ಹೇಳಿದ್ರೆ ಅದು ಸುಳ್ಳು. ಒಂದಕ್ಕೊಂದು ಹೊಂದಲಿಲ್ಲ ಅಂದ್ರೆ ಆವಾಗ ನಿಜ’ ಅಂದಳು. ಅವಳನ್ನ ಪೊಲೀಸ್ ಇಲಾಖೆಗೆ ತಗೊಳ್ಳದೆ ಸರ್ಕಾರ ತಪ್ಪು ಮಾಡ್ತು.

ನಿನ್ನ ಪ್ರಶ್ನೆಗೆ ಉತ್ತರ. ಯಾರೂ ಏನೂ ತಿದ್ದಿಲ್ಲ. ನನ್ನ ಸೆಲ್ಲಿನ ಯಂತ್ರದಿಂದ ಅಂಕಿ ನೇರ ನಿನ್ನ ಪರದೆಗೆ ಬರುತ್ತೆ, ನಡುವೆ ಸೊಳ್ಳೆನೂ ನುಸುಳಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ.

ಹಾಗಾದ್ರೆ ಉಳಿದದ್ದು ನೀನು ಕೊನೇಲಿ ಬೆಣ್ಣೆ ಹಚ್ಚಿ ಕೇಳಿದ ಪ್ರಶ್ನೆ. ನಾನು ಹೇಗೆ ಅಳೀತೀನಿ ಅಂತ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ನಾನಲ್ಲ. ಆದ್ರೆ ಇಂಥ ಮಾತು ಎಂಥ ಕಿವುಡಿಗೂ ಕೇಳುತ್ತೆ.

ಬರ್ಕೋ. ಇಂಜಿನ್ ಬಿಸಿ ಮಾಡ್ತೀನಿ. ಹೊಗೆ ಹೋಗೋ ದೊಡ್ಡ ಕೊಳವೆಯಿಂದ ಒಂದು ಸಣ್ಣ ಕೊಳವೆ ಎಳೆದಿದೆ. ಅದರ ಮೂಲಕ ಸ್ಮೋಕ್ ಮೀಟರು ಒಂದು ಗುಟುಕು ಹೊಗೆ ಎಳ್ಕೊಂಡು ಬಿಳಿ ಫಿಲ್ಟರ್ ಕಾಗದದಲ್ಲಿ ಸೋಸುತ್ತೆ. ಕಾಗದ ಎಷ್ಟು ಕಪ್ಪಾಯ್ತೋ ಅದೇ ಅಂಕಿ. ಅಚ್ಚ ಬಿಳಿ ಅಂದ್ರೆ ಸೊನ್ನೆ, ಕಾಡಿಗೆ ಕಪ್ಪು ಅಂದ್ರೆ ಹತ್ತು. ಹಿಂದಿನ ದಿನದ ಮಸಿ ಸಣ್ಣ ಕೊಳವೆಯಲ್ಲಿ ಮೆತ್ಕೊಂಡಿರುತ್ತೆ, ಅದು ಉದುರಿ ಕಾಗದಕ್ಕೆ ಬಿದ್ದರೆ ಅಂಕಿ ಸುಳ್ಳಾಗುತ್ತೆ. ಅದಕ್ಕೇ ಮೊದಮೊದಲ ಕಾಗದ ಬಿಸಾಕಿ, ಇಂಜಿನ್ ಜೋರಾಗಿ ಓಡಿಸಿ, ಕೊಳವೆಗೆ ಗಾಳಿ ಊದಿಸಿ, ಮತ್ತೆ ತೆಗೀತೀನಿ. ಅಂಕಿ ನೆಲೆಗೆ ನಿಂತ ಮೇಲೆ ಕಳಿಸ್ತೀನಿ. ನನಗೆ ಕೆಲಸ ಕಲಿಸಿದವರೂ ಹಿಂಗೇ ಮಾಡ್ತಿದ್ರು.

ಈಗ ನನ್ನ ಸರದಿ. ನಿನ್ನ ಲೆಕ್ಕದೊಳಗೆ ತಿರುಗಿಸೋ ಗುಂಡಿಗಳ ಥರ ಏನೋ ಇದೆ ಅಂತ ನೀನೇ ಒಮ್ಮೆ ಹೇಳಿದ್ದೆ. ಮಸಿ ಹುಟ್ಟೋದಕ್ಕೊಂದು, ಸುಡೋದಕ್ಕೊಂದು. ಆ ಗುಂಡಿ ತಿರುಗಿಸೋರು ಯಾರು, ಯಾವಾಗ ತಿರುಗಿಸ್ತಾರೆ? ತಾ ಕಳ್ಳ ಪರರ ನಂಬ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನೊಂದು. ನಿನ್ನೆ ಕನ್ನಡಕದವರು ಯಾರನ್ನೋ ಕರ್ಕೊಂಡು ಸೆಲ್ಲಿಗೆ ಬಂದಿದ್ರು. ‘ಇಲ್ಲಿನ ಅಳತೆ, ಅಲ್ಲಿನ ಲೆಕ್ಕ, ಎರಡೂ ಒಂದೇ ತಾಯಿ ಮಕ್ಕಳ ಹಾಗಿವೆ’ ಅಂದ್ರು. ನನ್ನ ಮುಖ ನೋಡ್ತಾನೇ ಅಂದ್ರು. ಕನ್ನಡಕ ಒರೆಸ್ತಿರಲಿಲ್ಲ. ಅವರಿಗೆ ಏನಾದ್ರೂ ಗೊತ್ತಾಗಿದೆಯಾ? ನೀನು ಎಲ್ಲಾದರೂ ಬಾಯಿ ಬಿಟ್ಟೆಯಾ?

ನಿನ್ನ
ಸಿಟ್ಟಿನ ಅಕ್ಕ

*

ಮಾರ್ಚ್ 16

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಅಂತಲ್ಲ. ಒಂದು ಕೆಲಸ ಮಾಡಿದ್ದೆ, ಅದರ ಫಲ ಬರಲಿ ಅಂತ ಕಾದೆ. ಬಂತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಗುಂಡಿಯ ವಿಷಯ ಆಮೇಲೆ ಹೇಳ್ತೀನಿ. ಪ್ರತಿ ಪರೀಕ್ಷೆಗೆ ಮೊದಲು ನಿಮ್ಮ ಸೆಲ್ಲಿಗೆ ನಾನು ಕೋರಿಕೆ ಕಳಿಸ್ತೀನಲ್ಲ, ಅದರ ಜೊತೆ ನನ್ನ ಗೆರೆಯನ್ನೂ ಕಳಿಸ್ತೀನಿ. ಸುಮಾರು ಇಷ್ಟು ಮಸಿ ಬರಬಹುದು, ಯಂತ್ರವನ್ನ ಅದಕ್ಕೆ ತಕ್ಕ ಹಾಗೆ ಇಟ್ಕೊಳ್ಳಿ ಅಂತ. ಎಲ್ಲ ಇಂಜಿನ್ನಿಗೂ ಹೀಗೇ ಕಳಿಸೋದು ನಮ್ಮಲ್ಲಿ ರೂಢಿ. ಈ ಸಲ ಆ ಗೆರೆಯಲ್ಲಿ ಒಂದು ಕಡೆ ಸುಳ್ಳು ಬರೆದೆ. ಇಂಜಿನ್ ಅರ್ಧ ಭಾರ ಎಳೆಯುವಾಗಿನ ಅಂಕಿ. ಲೆಕ್ಕಕ್ಕೆ ಬಂದದ್ದು ಎರಡೂಕಾಲು. ನಾನು ಬರೆದದ್ದು ಒಂದೂವರೆ. ಅದು ಯಾವ ಲೆಕ್ಕದಿಂದಲೂ ಬಂದದ್ದಲ್ಲ, ಚಹಾ ಕುಡೀತಾ ನನ್ನ ತಲೆಗೆ ಹೊಳೆದದ್ದು.

ನಿನ್ನೆ ನಿಮ್ಮ ಸೆಲ್ಲಿನಿಂದ ಚುಕ್ಕಿಗಳು ಬಂದವು. ಅರ್ಧ ಭಾರದಲ್ಲಿ ಒಂದೂವರೆ.

ಬೋನು ಇಟ್ಟಿದ್ದು ಕನ್ನಡಕದವರಿಗೆ. ಆದ್ರೆ ನಡುವೆ ಸೊಳ್ಳೆನೂ ನುಸುಳಲ್ಲ ಅಂತ ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಬೋನಿಗೆ ಬಿದ್ದದ್ದು ಯಾರು ಅಂತ ಬರೆಯೋಕೆ ಕೈ ಬರ್ತಿಲ್ಲ.

ನನ್ನ ಗೆರೆ ನೋಡಿಕೊಂಡು ನೀನು ಅಂಕಿ ಬರೀತಿದ್ದೀಯಾ? ನನಗೆ ಒಳ್ಳೆ ಹೆಸರು ಬರಲಿ ಅಂತಾನಾ? ಚಿಕ್ಕವಳು ಎಡವಬಾರದು ಅಂತ ಮುಂದೆ ಮುಂದೆ ಹೋಗಿ ಕಲ್ಲು ಎತ್ತಿಡೋದು ನಿನ್ನ ಹಳೇ ಅಭ್ಯಾಸ. ಈ ಉಪಕಾರ ನಾನು ಕೇಳಿರಲಿಲ್ಲ. ಇದರಲ್ಲಿ ನಿನ್ನ ಸಹಿ ಇದೆ, ಅದು ನನಗೆ ಭಯ.

ತಂಗಿ

*

ಮಾರ್ಚ್ 30

ಮಾನ್ಯರೇ,

ತಮ್ಮ ಕಾಗದ ತಲುಪಿತು. ಪರೀಕ್ಷಾ ಕೋಣೆಯಲ್ಲಿ ಯಾವ ಅಂಕಿಯನ್ನೂ ಕೈಯಿಂದ ಬರೆದಿರುವುದಿಲ್ಲ ಎಂದು ತಿಳಿಸಬಯಸುತ್ತೇನೆ.

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಆಮೇಲೆ ಹರಿದು ತೆಗೆದೆ. ಹೊಟ್ಟೆಯೊಳಗಿನ ಉರಿ ಇಷ್ಟಕ್ಕೆ ತಣಿಯೋದಲ್ಲ.

ಬೋನು ಇಟ್ಟೆಯಲ್ಲೇ ನನಗೆ. ಕನ್ನಡಕದವರಿಗೆ ಅಂತ ಬರೆದದ್ದನ್ನ ನಂಬೋ ವಯಸ್ಸು ನನಗೆ ದಾಟಿದೆ. ಅವರಿಗೆ ಇಡೋದಾದ್ರೆ ನನಗೊಂದು ಮಾತು ಮೊದಲೇ ಹೇಳ್ತಿದ್ದೆ. ನಿನ್ನ ಕಾಗದ ಓದಿದ ಮೇಲೆ ಮನಸ್ಸಿನಲ್ಲೇ ನಿನ್ನ ಜೊತೆ ಜಗಳ ಆಡಿದೆ, ಅಡುಗೆ ಮಾಡ್ತಾ, ಬಟ್ಟೆ ಒಗೀತಾ. ಎಲ್ಲ ಜಗಳದಲ್ಲೂ ನಾನೇ ಗೆದ್ದೆ. ಗೆದ್ದು ಸುಖ ಇರಲಿಲ್ಲ, ಯಾಕಂದ್ರೆ ಆ ಒಂದೂವರೆ ಹೇಗೆ ಬಂತು ಅಂತ ನನಗೂ ಗೊತ್ತಿರಲಿಲ್ಲ.

ಸೆಲ್ಲಿಗೆ ಹೋದೆ. ಇಂಜಿನ್ನನ್ನ ಅರ್ಧ ಭಾರಕ್ಕೆ ತಂದು, ದಿನಾ ಮಾಡೋ ಹಾಗೇ ಮಾಡಿದೆ. ಆದ್ರೆ ಈ ಸಲ ನನ್ನನ್ನ ನಾನೇ ಕಾವಲು ಕಾದೆ. ಮೊದಲ ಕಾಗದ ಕಪ್ಪಾಗಿ ಬಂತು. ಕೊಳವೆ ಕೊಳಕು ಅಂದ್ಕೊಂಡೆ. ಜೋರಾಗಿ ಓಡಿಸಿ, ಊದಿಸಿ, ಮತ್ತೆ ತೆಗೆದೆ. ಸ್ವಲ್ಪ ತಿಳಿಯಾಯ್ತು. ಇನ್ನೂ ಕೊಳಕು ಅಂದ್ಕೊಂಡೆ. ಮತ್ತೆ ಓಡಿಸಿದೆ. ಇಂಜಿನ್ ಕಾದಷ್ಟೂ ಮಸಿ ಒಳಗೇ ಚೆನ್ನಾಗಿ ಸುಡುತ್ತೆ, ಕಾಗದ ಇನ್ನೂ ತಿಳಿಯಾಗುತ್ತೆ. ಅದು ಕೊಳವೆ ಶುದ್ಧವಾದದ್ದಕ್ಕಲ್ಲ, ಇಂಜಿನ್ ಬೆಂದುಹೋದದ್ದಕ್ಕೆ. ರಸ್ತೆಯಲ್ಲಿ ಯಾವ ಬಸ್ಸೂ ಅಷ್ಟು ಕಾದು ಓಡಲ್ಲ.

ಹಾಗಾದ್ರೆ ಇನ್ನೂ ಕೊಳಕು ಅಂತ ನನಗೆ ಹೇಳ್ತಿದ್ದವರು ಯಾರು? ತಲೆ ಎತ್ತಿ ನೋಡಿದೆ. ಎದುರಿನ ಗೋಡೆ ಮೇಲೆ ನಿನ್ನ ಗೆರೆ. ನಾನೇ ಅಂಟಿಸಿದ್ದು. ಗೆರೆಗಿಂತ ಮೇಲೆ ಬಂದದ್ದೆಲ್ಲ ನನ್ನ ಕಣ್ಣಿಗೆ ಕೊಳಕು. ಗೆರೆ ಮುಟ್ಟಿದ ಕೂಡಲೇ, ಆಹಾ, ನೆಲೆಗೆ ನಿಂತಿತು ಅಂತ ಕೈ ತಾನಾಗೇ ಕಳಿಸೋ ಗುಂಡಿ ಒತ್ತುತ್ತೆ.

ಒಂದು ಕಾಗದವೂ ಸುಳ್ಳಲ್ಲ ಚಿಕ್ಕವಳೇ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮಾತ್ರ ನಿನ್ನನ್ನ ಕೇಳ್ತಿದ್ದೆ, ಕೇಳ್ತಿದ್ದೀನಿ ಅಂತ ಗೊತ್ತಿಲ್ಲದೆ. ಬೇರೆ ಯಾರ ಗೆರೆ ಆಗಿದ್ರೂ ಮೂಗು ಮುರೀತಿದ್ದೆ. ನಿನ್ನದು ಅಂತ ನಂಬಿದೆ. ನೀನು ಎತ್ತು ಈಯಿತು ಅಂದೆ, ನಾನು ಕೊಟ್ಟಿಗೆಗೆ ಕಟ್ಟಿದೆ. ತಪ್ಪು ಯಾರದಾದ್ರೂ ಆಗಲಿ, ನೋವು ನನ್ನದು. ನಂಬಿದವಳಿಗೆ ಬೋನು ಇಡ್ತಾರೇನೇ?

ಅಕ್ಕ

*

ಏಪ್ರಿಲ್ 6

ಅಕ್ಕ,

ನಿಜ ಹೇಳ್ತೀನಿ. ಬೋನು ನಿನಗೂ ಇಟ್ಟಿದ್ದೆ. ಪೂರ್ತಿ ಅಲ್ಲ, ಆದ್ರೆ ಒಂದು ಮೂಲೆ ನಿನಗೇ ಅಂತ ಇತ್ತು. ಅದನ್ನ ಒಪ್ಪಿಕೊಳ್ಳದೆ ಇನ್ನೇನು ಬರೆದರೂ ಅದು ಮಾನ್ಯರೇ ಅಂತ ಬರೆದ ಹಾಗೇ.

ಈಗ ನನ್ನ ಗುಂಡಿಯ ಕಥೆ. ಮಸಿ ಎಷ್ಟು ಬೇಗ ಸುಡುತ್ತೆ ಅನ್ನೋದಕ್ಕೆ ನನ್ನ ಲೆಕ್ಕದಲ್ಲಿ ಒಂದು ಅಂಕಿ ಇದೆ. ಅದು ಇಂತಿಷ್ಟೇ ಅಂತ ಯಾರಿಗೂ ಗೊತ್ತಿಲ್ಲ, ಅಳತೆ ನೋಡಿ ಕೂರಿಸ್ಕೋಬೇಕು. ಮೊದಲ ಸಲ ನಿನ್ನ ಚುಕ್ಕಿ ಬಂದಾಗ ನನ್ನ ಗೆರೆ ಮುಟ್ಟಿ ಸ್ವಲ್ಪ ಕೆಳಗೆ ಜಾರಿತ್ತು. ಅಕ್ಕ ಅಳೆದದ್ದು ತಪ್ಪೋ ಮಾತೇ ಇಲ್ಲ ಅಂತ, ಮಸಿ ಇನ್ನೂ ಬೇಗ ಸುಡೋ ಹಾಗೆ ಗುಂಡಿ ತಿರುಗಿಸಿದೆ. ಗೆರೆ ಇಳೀತು. ಇಳಿದ ಗೆರೆಯನ್ನ ನಿನಗೆ ಕಳಿಸಿದೆ. ನೀನು ಅದನ್ನ ಗೋಡೆಗೆ ಅಂಟಿಸಿದೆ. ನಿನ್ನ ಚುಕ್ಕಿ ಅದನ್ನೂ ಮುಟ್ಟಿ ಇನ್ನೊಂದು ಚೂರು ಇಳೀತು. ನಾನು ಮತ್ತೆ ತಿರುಗಿಸಿದೆ.

ನೀನು ನನ್ನನ್ನ ನೋಡಿ ನಿಲ್ಲಿಸ್ತಿದ್ದೆ, ನಾನು ನಿನ್ನನ್ನ ನೋಡಿ ತಿರುಗಿಸ್ತಿದ್ದೆ. ಇಬ್ಬರು ಕುರುಡರು ಕೈ ಹಿಡ್ಕೊಂಡು ರಸ್ತೆ ದಾಟಿದ ಹಾಗೆ, ಇಬ್ಬರಿಗೂ ಇನ್ನೊಬ್ಬರಿಗೆ ಕಣ್ಣಿದೆ ಅನ್ನೋ ಧೈರ್ಯ. ಇಷ್ಟು ದಿನ ಕಳ್ಳನನ್ನ ಹುಡುಕ್ತಿದ್ದೆ. ಕಳ್ಳ ಇದ್ದಿದ್ದರೆ ಎಷ್ಟೋ ಸುಲಭ ಇತ್ತು.

ಈಗ ಲೆಕ್ಕಕ್ಕೆ ಬಂದ ಆ ಎರಡೂಕಾಲು ಅನ್ನೋ ಅಂಕಿಯನ್ನೂ ನಾನು ನಂಬಲ್ಲ. ಒಂದು ಕೆಲಸ ಮಾಡು. ಗೋಡೆಯ ಗೆರೆ ಕಿತ್ತು ಹಾಕು. ಸಣ್ಣ ಕೊಳವೆಯನ್ನ ಬಿಚ್ಚಿ ತೊಳೆದು ಹೊಸದರ ಹಾಗೆ ಮಾಡು, ಕೊಳಕು ಅನ್ನೋಕೆ ಜಾಗವೇ ಇರಬಾರದು. ಇಂಜಿನ್ ರಸ್ತೆಯಲ್ಲಿ ಓಡೋವಷ್ಟೇ ಬಿಸಿಯಾಗಲಿ. ಆಮೇಲೆ ಬಂದ ಮೊದಲ ಕಾಗದವೇ ಕಾಗದ. ಅಂಕಿ ಕಳಿಸಬೇಡ, ಕಾಗದಗಳನ್ನೇ ನನ್ನ ಮನೆಗೆ ಕಳಿಸು.

ಕೆಟ್ಟದ್ದಾಗಿ ಬಂದರೆ ಏನು ಮಾಡೋದು ಅಂತ ಗೊತ್ತಿಲ್ಲ. ಒಪ್ಪಿಗೆ ಹತ್ತಿರ ಬಂತು. ನಾವು ಯಾರು ಅಂತ ಹೊರಗೆ ಬಿದ್ದರೆ, ಅಕ್ಕ-ತಂಗಿ ಸೇರಿ ಹೆಣೆದ ಸುಳ್ಳು ಅಂತಾರೆ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

ನಿನ್ನ
ಚಿಕ್ಕವಳು

*

ಏಪ್ರಿಲ್ 17

ಚಿಕ್ಕವಳಿಗೆ,

ಗೆರೆ ಕಿತ್ತೆ. ಅಂಟಿಸಿದ್ದ ಜಾಗ ಅಷ್ಟಗಲ ಬೆಳ್ಳಗಿದೆ, ಸುತ್ತ ಗೋಡೆಯೆಲ್ಲ ಕಪ್ಪು. ಗೋಡೆಗೆ ಮೊದಲು ಯಾವ ಬಣ್ಣ ಇತ್ತು ಅಂತ ಮರೆತೇಹೋಗಿತ್ತು.

ಕಾಗದಗಳು ಇದರೊಳಗಿವೆ. ಬೆರಳು ತಾಗಿಸಬೇಡ, ಮಸಿ ಹತ್ತುತ್ತೆ. ಅರ್ಧ ಭಾರದ್ದು ಮೂರರ ಮೇಲೆ ಬಂತು. ಪೂರ್ತಿ ಭಾರದ್ದನ್ನ ನೀನೇ ನೋಡು, ಅದಕ್ಕೆ ಅಂಕಿ ಬೇಕಾಗಿಲ್ಲ. ಅಮ್ಮ ಮೇಜಿನ ಮೇಲೆ ನೋಡಿ, ‘ಇದೇನೇ, ಪಾತ್ರೆ ತಳ ಒರೆಸಿದ ಬಟ್ಟೆನಾ’ ಅಂದಳು.

ಕೈಯಲ್ಲಿ ಆ ಕಾಗದ ಹಿಡ್ಕೊಂಡು ನಿಂತಾಗ ನಿನ್ನ ಮೇಲಿನ ಸಿಟ್ಟು ಎಲ್ಲಿ ಹೋಯ್ತೋ. ದಿನಾ ಸಂಜೆ ಬಸ್ಸಿಗೆ ಕಾಯ್ತಾ ನಾನು ನಿಲ್ಲೋ ಜಾಗ ನೆನಪಾಯ್ತು. ಪಕ್ಕದಲ್ಲಿ ಒಬ್ಬಳು ಕೂಸನ್ನ ಎತ್ಕೊಂಡು ನಿಲ್ತಾಳೆ. ಬಸ್ಸು ಹೊರಟಾಗ ಸೆರಗಿನಿಂದ ಕೂಸಿನ ಮುಖ ಮುಚ್ತಾಳೆ, ತನ್ನದು ಮುಚ್ಕೊಳ್ಳಲ್ಲ.

ಮುಂದಿನದು ನನಗೆ ಬಿಡು. ನೀನು ಬಾಯಿ ಮುಚ್ಕೊಂಡು ಕೂತಿರು. ದೊಡ್ಡವಳು ಹೇಳಿದ್ದನ್ನ ಜನ್ಮದಲ್ಲಿ ಒಂದು ಸಲ ಕೇಳು.

ಅಕ್ಕ

*

ಏಪ್ರಿಲ್ 21

ಅಕ್ಕ,

ಬಾಯಿ ಮುಚ್ಕೊಂಡು ಕೂತಿರು ಅಂದದ್ದೇ ತಡ, ನನಗೆ ಅನುಮಾನ ಬಂತು. ನಿನ್ನ ಕಲ್ಲು ಎತ್ತೋ ಅಭ್ಯಾಸ ನನಗೆ ಗೊತ್ತಿಲ್ವಾ. ಎಲ್ಲ ನಿನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಹೊರಟಿದ್ದೀಯ.

ಅದಕ್ಕೇ ಇವತ್ತು ಬೆಳಗ್ಗೆ ಕನ್ನಡಕದವರಿಗೆ ಬರೆದುಕೊಟ್ಟೆ. ಗೆರೆ ಮೊದಲೇ ಕಳಿಸಿ ಅಳತೆಯನ್ನ ಕೆಡಿಸಿದವಳು ನಾನು, ಗುಂಡಿ ತಿರುಗಿಸಿದವಳು ನಾನು, ಸೆಲ್ಲಿನಲ್ಲಿರೋಳು ನನ್ನ ಒಡಹುಟ್ಟಿದವಳು ಅಂತ ಮುಚ್ಚಿಟ್ಟವಳೂ ನಾನು, ಅವಳ ತಪ್ಪು ಏನೂ ಇಲ್ಲ. ನೀನು ಕಳಿಸಿದ ಕಾಗದಗಳನ್ನೂ ಜೊತೆಗಿಟ್ಟೆ. ಅವರ ಎದುರಿಗೇ ಸಹಿ ಮಾಡಿದೆ.

ನೀನು ಏನೂ ಬರೆಯಬೇಡ. ಕೇಳಿದರೆ ನಾನು ಬರೆದದ್ದೇ ಸರಿ ಅನ್ನು. ಈ ಒಂದು ಸಲ ಇಬ್ಬರೂ ಒಂದೇ ಮಾತು ಹೇಳೋಣ.

ನಿನ್ನ
ಚಿಕ್ಕವಳು

*

ಮೇ 5

ಚಿಕ್ಕವಳೇ,

ಒಂದೇ ಮಾತು ಹೇಳೋಣ ಅಂತ ನೀನು ಬರೆದದ್ದು ನನ್ನ ಕೈಗೆ ಬರೋ ಹೊತ್ತಿಗೆ ನನ್ನ ಮಾತು ಆಗಲೇ ಕನ್ನಡಕದವರ ಮೇಜಿನ ಮೇಲಿತ್ತು. ಅದರಲ್ಲಿ ಏನಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಕಾಗದ ಬಿಸಾಕಿದವಳು ನಾನು, ಗೆರೆ ನೋಡಿ ನಿಲ್ಲಿಸಿದವಳು ನಾನು, ಲೆಕ್ಕದ ವಿಭಾಗದಲ್ಲಿರೋಳು ನನ್ನ ತಂಗಿ, ಅವಳು ನನ್ನನ್ನ ನಂಬಿ ಕೆಟ್ಟಳು.

ಅವರು ಇಲ್ಲಿಗೇ ಬಂದು ನನ್ನನ್ನ ಕೂರಿಸಿ ಎರಡನ್ನೂ ಮುಂದಿಟ್ಟರು. ಕನ್ನಡಕ ಮೂಗಿನ ಮೇಲೇ ಇತ್ತು. ನನ್ನ ಕಿವಿಗೆ ಅಂತ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದರು. ‘ಇಷ್ಟು ತಿಂಗಳಿಂದ ನಿಮ್ಮಿಬ್ಬರ ಅಂಕಿಗಳಲ್ಲಿ ಕೂದಲಷ್ಟು ವ್ಯತ್ಯಾಸ ಇರಲಿಲ್ಲ. ಅದನ್ನ ನೋಡಿ ನನಗೂ ಕಸಿವಿಸಿ ಆಗ್ತಿತ್ತು, ಆದರೆ ಒಳ್ಳೆ ಸುದ್ದಿಯನ್ನ ಯಾರು ಕೆದಕ್ತಾರೆ? ಇವತ್ತು ಮೊದಲ ಸಲ ನಿಮ್ಮಿಬ್ಬರದು ಹೊಂದ್ತಾ ಇಲ್ಲ. ಇದನ್ನೂ ಮಾತಾಡಿಕೊಂಡೇ ಮಾಡಿದಿರಾ?’

‘ಮಾತಾಡಿಕೊಂಡಿದ್ದರೆ ಹೊಂದ್ತಿತ್ತು ಸಾರ್’ ಅಂದೆ.

ಅವರು ಆಗ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದರು. ತುಂಬಾ ಹೊತ್ತು ಒರೆಸಿದರು.

ಒಪ್ಪಿಗೆ ನಿಂತಿದೆ. ಇಂಜಿನ್ನಿಗೆ ಡೀಸೆಲ್ ಸಿಂಪಡಿಸೋ ಭಾಗವನ್ನೇ ಬದಲಾಯಿಸ್ತಾರಂತೆ, ಆಮೇಲೆ ಬೇರೆಯವರು ಅಳೀತಾರೆ, ಗೆರೆಯನ್ನ ಅಳತೆ ಮುಗಿಯೋವರೆಗೂ ಯಾರಿಗೂ ಕೊಡಲ್ಲ. ನಿನ್ನನ್ನ ಬೇರೆ ಇಂಜಿನ್ನಿಗೆ ಹಾಕ್ತಾರೆ ಅಂತ ನಿನಗೆ ಹೇಳಿರ್ತಾರೆ. ನನ್ನನ್ನ ಬಿಡಿಭಾಗಗಳ ಸ್ಟೋರಿಗೆ ಹಾಕಿದ್ದಾರೆ. ನಟ್ಟು, ಬೋಲ್ಟು, ವಾಷರು. ಎಲ್ಲ ಚೊಕ್ಕವಾಗಿದೆ, ನೆಲ ನಡುಗಲ್ಲ. ಕಿವಿ ಹೋದ ಮೇಲೆ ಇಂಜಿನ್ನಿನ ಮಾತು ನನಗೆ ಪಾದದಿಂದ ಕೇಳ್ತಿತ್ತು. ಇಲ್ಲಿ ಪಾದವೂ ಕಿವುಡಾಯ್ತು. ಮೊದಲ ದಿನ ಕಪಾಟಿನ ಹಿಂದೆ ನಿಂತು ಅತ್ತೆ, ಯಾರೂ ನೋಡಲಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ, ಒಂದು ಚೂರೂ ನುಂಗದೆ. ಇಬ್ಬರೂ ಏನೇನು ಬರೆದುಕೊಟ್ಟೆವು ಅಂತ ಎರಡೆರಡು ಸಲ ಕೇಳಿದಳು. ‘ಹೊಂದಲಿಲ್ಲ ತಾನೇ? ಹಾಗಾದ್ರೆ ನಿಜಾನೇ ಹೇಳಿದ್ದೀರಿ. ಆಗೆಲ್ಲ ಅವಳು ಅವಳು ಅಂತಿದ್ರಿ, ಈಗ ನಾನು ನಾನು ಅಂತೀರಿ, ಅಷ್ಟೇ’ ಅಂದು ಚಹಾಕ್ಕಿಡೋಕೆ ಎದ್ದುಹೋದಳು.

ಬೋನಿನ ನೋವು ಇನ್ನೂ ಹೋಗಿಲ್ಲ. ಹೋಗಿದೆ ಅಂತ ಬರೆದರೆ ಅದೂ ಗೆರೆ ನೋಡಿ ಚುಕ್ಕಿ ಇಟ್ಟ ಹಾಗೆ. ಅನುಮಾನ ಪಡಬೇಡ ಅಂತ ನಾನು ಹೇಳಲ್ಲ. ನೀನು ಪಡದೇ ಇದ್ದಿದ್ದರೆ ಆ ಕೂಸು ಆ ಹೊಗೆ ಕುಡೀತಿತ್ತು, ಅದರ ಕೆಳಗೆ ನನ್ನ ಸಹಿ ಇರ್ತಿತ್ತು. ಆದ್ರೆ ಮುಂದಿನ ಸಲ ನನ್ನ ಮೇಲೆ ಅನುಮಾನ ಬಂದರೆ ಕಾಗದ ಬರೀಬೇಡ, ಬೋನು ಇಡಬೇಡ. ಮನೆಗೆ ಬಾ. ನನ್ನ ಎದುರಿಗೆ ಕೂತು ಕೇಳು.

ಜೋರಾಗಿ ಕೇಳು. ನನಗೆ ಕಿವಿ ಕೇಳಲ್ಲ.

ನಿನ್ನ
ಅಕ್ಕ